ಒತ್ತಕ್ಷರಕ್ಕೆ ಕಾಯೋಣ, ಅವಗ್ರಹಕ್ಕೆ ಬೇಡ

ಸಾಫ್ಟ್‌ವೇರ್ ಮಾಡುವವರಿಗೆ ಯಾವಾಗಲೂ ಒಂದು ಪೇಚು. ಬಿಡುಗಡೆಯ ದಿನ ಬಂದಿದೆ, ಕೆಲಸ ಇನ್ನೂ ಉಳಿದಿದೆ. ಕಾಯಬೇಕೋ, ಆದಷ್ಟನ್ನೇ ಬಿಡಬೇಕೋ? ಇದು ಬೆಂಗಳೂರು, ಪುಣೆಯ ಕಂಪನಿಗಳ ಮಾತು, ಉಮದಿ, ಸಂಖದ ಮಾಸ್ತರರಿಗೇಕೆ ಅನ್ನಬೇಡಿ. ಹಾಗೆ ಉಳಿದುಹೋದದ್ದು ಒಮ್ಮೆ ನಮ್ಮ ಕನ್ನಡವೇ!

ಲೆಕ್ಕ ನೋಡಿ. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು. ಅದರಲ್ಲಿದ್ದ ಭಾರತದ ಲಿಪಿಗಳು ಎರಡೇ: ದೇವನಾಗರಿ, ತಮಿಳು. ಅಂದರೆ ನಮ್ಮ ಜತ್ತದಲ್ಲಿ ಮರಾಠಿ ಶಾಲೆಯ ಗುರೂಜಿ (ಗಣಕ ಇದ್ದಿದ್ದರೆ) ಯುನಿಕೋಡಿನಲ್ಲಿ ಬರೆಯಬಹುದಿತ್ತು, ಕನ್ನಡ ಶಾಲೆಯವರಿಗೆ ಆ ಅನುಕೂಲ ಇರಲಿಲ್ಲ. ಕನ್ನಡ ಬಂದದ್ದು 2001ರ ಅಕ್ಟೋಬರಿನ ಎಕ್ಸ್‌ಪಿಯಲ್ಲಿ, 'ತುಂಗಾ' ಅನ್ನೋ ಚಂದದ ಹೆಸರಿನ ಫಾಂಟಿನ ಜೊತೆ. ಅದೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗುರುತು ಹಾಕಿ, ಸಿ.ಡಿ. ಹುಡುಕಿ ತಂದು ಹಾಕಿದರೆ ಮಾತ್ರ.

ಎಲ್ಲ ಭಾಷೆ ಸಿದ್ಧವಾದ ಮೇಲೇ ಬಿಡಬೇಕಿತ್ತು ಅಂತ ನಮಗೆ ಅನ್ನಿಸುವುದು ಸಹಜ. 'ಮೊದಲು ಅವರಿಗೆ, ಆಮೇಲೆ ನಿಮಗೆ' ಅನ್ನೋ ಮಾತು ಗಡಿಯವರಿಗೆ ಹೊಸದಲ್ಲ. ಆದರೆ ಕಾಸರಗೋಡಿನಿಂದ ನೋಡಿದರೆ ಚಿತ್ರ ತಿರುವುಮುರುವು. ಅಲ್ಲಿ ಕನ್ನಡಕ್ಕೆ ಮೊದಲು ಸಿಕ್ಕಿತು. ಮಲಯಾಳಂ 2004ರ ಸರ್ವಿಸ್ ಪ್ಯಾಕ್ 2ರ ತನಕ ಕಾಯಿತು. ಒಡಿಯಾ ಬಂದದ್ದು ವಿಸ್ಟಾದಲ್ಲಿ, 2007ಕ್ಕೆ. ಎಲ್ಲರಿಗಾಗಿ ನಿಲ್ಲುವುದೇ ಆಗಿದ್ದರೆ ನಾವೂ ಇನ್ನೈದು ವರ್ಷ ಕೂರಬೇಕಿತ್ತು. ಒಪ್ಪುತ್ತಿದ್ದೆವಾ? ನಿಜ ಹೇಳಿ!

ಹಾಗಂತ ಏನು ಬೇಕಾದರೂ ಬಿಟ್ಟುಬಿಡಬಹುದು ಅಂತಲ್ಲ. ಕನ್ನಡದ ಅವಗ್ರಹ ಚಿಹ್ನೆಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ, 4.0 ಆವೃತ್ತಿಯಲ್ಲಿ. ಸಂಸ್ಕೃತ ಶ್ಲೋಕ ಬರೆಯುವಾಗ ಬಿಟ್ಟರೆ ನಮ್ಮ ತರಗತಿಯಲ್ಲಿ ಅದರ ನೆನಪೇ ಆಗುವುದಿಲ್ಲ. ಅದಕ್ಕಾಗಿ ಒಂದು ದಿನವೂ ತಡೆಯುವುದು ಬೇಡ. ಆದರೆ ಒತ್ತಕ್ಷರ ಸರಿಯಾಗಿ ಕೂರದಿದ್ದರೆ? ಅಪ್ಪ, ಅಮ್ಮ, ಅಕ್ಕ, ಅಣ್ಣ... ಒಂದನೇ ಇಯತ್ತೆಯ ಹುಡುಗಿ ಮನೆಯವರನ್ನೇ ಬರೆಯಲಾರಳು! ಅಂಥದ್ದಕ್ಕೆ ಎಷ್ಟು ತಿಂಗಳಾದರೂ ಸರಿ, ಬಿಡುಗಡೆ ನಿಲ್ಲಿಸಲೇಬೇಕು ಅನ್ನೋದು ನಮ್ಮ ಅಭಿಪ್ರಾಯ.

ಮತ್ತೆ, ಬಿಟ್ಟುಹೋದವರಿಗೆ 'ಯಾವಾಗ' ಅಂತ ತಾರೀಖು ಹೇಳಬೇಕು. 'ಮುಂದಿನ ಆವೃತ್ತಿಯಲ್ಲಿ' ಅನ್ನೋದು ನಮ್ಮ ಕಡೆಯ 'ನಾಳೆ ಬರ್ರಿ' ಇದ್ದಂಗ. ಕನ್ನಡಕ್ಕೆ ಆ ನಾಳೆ ಇಪ್ಪತ್ತು ತಿಂಗಳು. ಅಷ್ಟು ದಿನ ಯಾರ ಕೆಲಸವೂ ನಿಲ್ಲಲಿಲ್ಲ ಬಿಡಿ, 'ಬರಹ'ದಂಥ ತಂತ್ರಾಂಶಗಳು ತಮ್ಮದೇ ಫಾಂಟಿನಲ್ಲಿ ನಡೆಸಿಕೊಟ್ಟವು. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಆ ಕಾಲದ ಹಳೆಯ ಕಡತಗಳನ್ನು ಇವತ್ತಿಗೂ ಯುನಿಕೋಡಿಗೆ ಪರಿವರ್ತಿಸಿಕೊಂಡೇ ಓದಬೇಕು.