ಹಿತ್ತಾಳೆಗೆ ಹಾಡು ಕಲಿಸಿದ ಕರಾವಳಿ

ಮೈಯೆಲ್ಲ ಹಿತ್ತಾಳೆಯದಾದರೂ ಸ್ಯಾಕ್ಸೊಫೋನನ್ನು ಸಂಗೀತಶಾಸ್ತ್ರವು ಹಿತ್ತಾಳೆ ವಾದ್ಯಗಳ ಸಾಲಿಗೆ ಸೇರಿಸುವುದಿಲ್ಲ. ಕೊಂಬು, ಕಹಳೆಗಳಲ್ಲಿ ನುಡಿಸುವವನ ತುಟಿಯೇ ಅದುರಿ ನಾದ ಹುಟ್ಟಿದರೆ, ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ಅದುರುವುದು ರೀಡ್, ಅಂದರೆ ತೆಳ್ಳಗೆ ಕೆತ್ತಿ ಬಾಯಿತುದಿಗೆ ಬಿಗಿದ ಜೊಂಡಿನ ಪಟ್ಟಿ. ಈ ಲೆಕ್ಕದಲ್ಲಿ ಅದು ನಾಗಸ್ವರದ ದೂರದ ನೆಂಟ. ದಕ್ಷಿಣ ಕನ್ನಡ ಜಿಲ್ಲೆಯ ಸಿದ್ಧಕಟ್ಟೆಯಿಂದ ಮೂಡುಬಿದಿರೆ, ಬೆಳ್ತಂಗಡಿಗಳವರೆಗಿನ ಸೀಮೆಯಲ್ಲಿ ದೇವಸ್ಥಾನದ ಉತ್ಸವ, ಮದುವೆ, ದೈವಗಳ ನೇಮೋತ್ಸವಗಳಿಗೆ ಅದು ಇಷ್ಟು ಸಲೀಸಾಗಿ ಒಗ್ಗಿಕೊಂಡಿರುವುದಕ್ಕೆ ಈ ನೆಂಟಸ್ತಿಕೆಯೂ ಒಂದು ಕಾರಣವಿರಬೇಕು.

ಸ್ಯಾಕ್ಸೊಫೋನಿಗೆ ಈ ದಾರಿಯನ್ನು ತೆರೆದವರು ಇದೇ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ತಂದೆ ತನಿಯಪ್ಪನವರಿಂದ ನಾಗಸ್ವರ ಕಲಿತಿದ್ದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿ ಕೇಳಿ ಮಾರುಹೋದರು. ಆದರೆ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಕಲಿಸುವ ಪರಂಪರೆಯೇ ಇರಲಿಲ್ಲವಾದ್ದರಿಂದ, ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಅನಂತರ ಮದ್ರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಷ್ಯವೃತ್ತಿ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿದದ್ದು ಹೀಗೆ ಹಾಡುಗಾರಿಕೆಯ ಹಾದಿಯಲ್ಲಿ ಪಳಗಿದ ವಾದ್ಯ.

ಎಳೆಯರಿಗೆ ಕಲಿಸುವವರಿಗೂ ಆ ಹಾದಿಯನ್ನು ಬಿಟ್ಟು ಗತಿಯಿಲ್ಲ. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರೆಬರೆ ಮುಚ್ಚಿ ಗಮಕವನ್ನು, ಅಂದರೆ ಸ್ವರವನ್ನು ತೂಗಿ ಜಾರಿಸುವ ಓಲಾಟವನ್ನು ತರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯ ಮುಚ್ಚಳ ಅಡ್ಡ ಬರುವುದರಿಂದ ಆ ಓಲಾಟವನ್ನು ಬಹುಪಾಲು ತುಟಿಯ ಒತ್ತಡದಿಂದಲೂ ಉಸಿರಿನ ಹದದಿಂದಲೂ ಸಾಧಿಸಬೇಕಾಗುತ್ತದೆ. ಗಂಟಲಲ್ಲಿ ಮೊದಲೇ ಕೂರದ ತೋಡಿ ರಾಗ ತುಟಿಗೆ ಬರುವುದಿಲ್ಲ. ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆಯನ್ನು ಹಾಡಿಸದೆ ನೇರವಾಗಿ ಸಿನಿಮಾ ಹಾಡಿಗೆ ಇಳಿಸುವ ಮೇಷ್ಟ್ರುಗಳಿಗೆ ಶಿಷ್ಯರು ಬೇಗ ಕೂಡುತ್ತಾರೆ, ಮದುವೆ ಮನೆಯ ಊಟದ ಗದ್ದಲದಲ್ಲಿ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ ಎಂಬುದು ಬೇರೆ ಮಾತು.

ನುಡಿಸುವುದಕ್ಕಿಂತ ವಾದ್ಯಮೇಳವನ್ನು ನಡೆಸುವ ವಿದ್ಯೆ ಇನ್ನೂ ಕಠಿಣ. ಪಾಶ್ಚಾತ್ಯ ವೃಂದದ ನಿರ್ದೇಶಕ ವಾದ್ಯವನ್ನು ಕೆಳಗಿಟ್ಟು ಕೋಲು ಹಿಡಿಯುತ್ತಾನೆ. ಇಲ್ಲಿಯ ಮುಖ್ಯ ವಾದಕನಿಗಾದರೋ ಬಾಯಿಗೂ ಎರಡು ಕೈಗಳಿಗೂ ಬಿಡುವಿಲ್ಲದ್ದರಿಂದ, ಹುಬ್ಬಿನ ಸನ್ನೆ, ವಾದ್ಯದ ಸಣ್ಣ ಎತ್ತುವಿಕೆ, ಪಲ್ಲವಿಯನ್ನು ಮುಗಿಸುವ ವೈಖರಿ ಇವಿಷ್ಟರಿಂದಲೇ ಡೋಲಿನವನಿಗೂ ತಾಳದವನಿಗೂ ಸೂಚನೆ ಹೋಗಬೇಕು. ದೇವರ ಬಲಿಯಲ್ಲಿ, ಅಂದರೆ ಅರ್ಚಕರು ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು ಅಂಗಣ ಸುತ್ತುವ ಸೇವೆಯಲ್ಲಿ, ವಾದ್ಯದ ಸುತ್ತು ಬಂದಾಗ ಮೇಳವನ್ನು ನಡೆಸುವವನೇ ಅರ್ಚಕರ ಹೆಜ್ಜೆಯನ್ನು ನೋಡಿಕೊಂಡು ನಡೆಯಬೇಕಾಗುತ್ತದೆ. ಇಬ್ಬರು ಜೋಡಿಯಾಗಿ ನುಡಿಸುವಲ್ಲಿ ಎರಡನೆಯ ವಾದ್ಯ ಸಾಮಾನ್ಯವಾಗಿ ಶಿಷ್ಯನದು. ಗುರು ಉಸಿರೆಳೆದುಕೊಳ್ಳುವಷ್ಟು ಹೊತ್ತು ನಾದ ಕಡಿಯದಂತೆ, ಲಯ ಜಾರದಂತೆ ಮೇಳವನ್ನು ಹಿಡಿದು ನಿಲ್ಲಿಸುವುದು ಅವನ ಹೊಣೆ, ಮತ್ತು ಅವನ ನಾಯಕತ್ವದ ಮೊದಲ ಪಾಠ ನಡೆಯುವುದೂ ಅಲ್ಲಿಯೇ.