ಮೇರಾ ಹೈ

ದಿಲ್ಲಿ ಸೀಮೆಗೆ ಬಂದ ಮೇಲೆ ನಾನು ಕಲಿತ ಹಿಂದಿ ಬಹಳವೇನಿಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು, ಆಟೋದವನಿಗೆ ಎಡ ಬಲ ಹೇಳುವಷ್ಟು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ, 2016ರಲ್ಲಿ, ತೀರ್ಥಹಳ್ಳಿಯ ಮನೆಗೆ ಬೀಗ ಹಾಕಿ ನಾವಿಬ್ಬರೂ ನೋಯ್ಡಾದ ಮಗನ ಮನೆ ಸೇರಿದೆವು. ನನ್ನ ಅರೆಬರೆ ಹಿಂದಿಯ ಎರಡೇ ಎರಡು ಮಾತು ಒಮ್ಮೆ ಎರಡು ಸಂಸಾರಗಳನ್ನು ಪೇಚಿಗೆ ಸಿಕ್ಕಿಸಿತು.

2019ರ ಜನವರಿ. ಬೀಗ ಹಾಕಿದ್ದ ಆ ಮನೆಯನ್ನು ಮಾರುವುದೆಂದು ತೀರ್ಮಾನವಾಗಿತ್ತು. ಸೋಮವಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಕೊಳ್ಳುವವರು ಬ್ಯಾಂಕ್ ಸಾಲ ತೆಗೆದವರು, ಹಳೆಯ ಕ್ರಯಪತ್ರ ಅಸಲೇ ಬೇಕು. ಜೆರಾಕ್ಸ್ ಹಿಡಿದು ಬಂದ ಎಷ್ಟು ಜನರನ್ನು ನಾನೇ ವಾಪಸು ಕಳಿಸಿಲ್ಲ! ಅಪ್ಪ ಬರೆಸಿಕೊಂಡಿದ್ದ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಪ್ಪು ಚಕ್ರದ ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಇಟ್ಟೆ.

ಮಂಜು ಮುಸುಕಿ ಬೆಂಗಳೂರಿನ ವಿಮಾನ ಮೂರು ಗಂಟೆ ತಡ. ನಾವು ಒಳಗೆ ಹೋಗುವಷ್ಟರಲ್ಲಿ ತಲೆಯ ಮೇಲಿನ ಗೂಡುಗಳೆಲ್ಲ ಭರ್ತಿ. ಏಳೇ ಕಿಲೋ ಅನ್ನುವ ಲೆಕ್ಕ ಇದ್ದರೂ ಜನ ಅರ್ಧ ಮನೆಯನ್ನೇ ಹೊತ್ತು ತರುತ್ತಾರೆ. ನಮ್ಮ ಸೀಟು 21ನೇ ಸಾಲಿನಲ್ಲಿ, ಬ್ಯಾಗಿಗೆ ಜಾಗ ಸಿಕ್ಕಿದ್ದು 14ರಲ್ಲಿ. ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದಾಗ ಸೀಟಿನ ಕೆಳಗೆ ಸರಪಳಿ ಹಾಕಿ, ಬೀಗ ಜಡಿದು, ಆಮೇಲೂ ಕಾಲು ತಾಗಿಸಿಕೊಂಡೇ ಮಲಗುತ್ತಿದ್ದವನು ನಾನು. ವಿಮಾನದಲ್ಲಿ ಯಾರು ಕದೀತಾರೆ ಅಂತ ಸುಮ್ಮನೆ ಕೂತೆ.

ಬಾಗಿಲು ಇನ್ನೂ ಹಾಕಿರಲಿಲ್ಲ. 14ನೇ ಸಾಲಿನ ಹುಡುಗನೊಬ್ಬ ಫೋನು ಕಿವಿಗಿಟ್ಟುಕೊಂಡೇ ಎದ್ದು ನಿಂತ. ‘ಪಾಪಾ, ಪಾಪಾ’ ಅನ್ನುವುದಷ್ಟೇ ನಮಗೆ ಕೇಳಿಸಿದ್ದು. ಸಿಬ್ಬಂದಿ ಓಡಿಬಂದರು, ಅವನ ತಲೆಯ ಮೇಲಿನ ಗೂಡಿನಿಂದ ಒಂದು ಕಪ್ಪು ಬ್ಯಾಗು ಇಳಿಸಿದರು, ಅವನನ್ನು ಹೊರಗೆ ಕರೆದುಕೊಂಡು ಹೋದರು. ಆ ಹುಡುಗ ಬ್ಯಾಗಿನ ಕಡೆ ತಿರುಗಿಯೂ ನೋಡಲಿಲ್ಲ.

ಹತ್ತಿದವರು ಇಳಿದುಹೋದರೆ ಉಳಿದವರೆಲ್ಲ ತಮ್ಮ ತಮ್ಮ ಬ್ಯಾಗು ಗುರುತಿಸಬೇಕು. ಅದು ಸುಮ್ಮನೆ ಬಂದ ಪದ್ಧತಿಯಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡಿನ ಹತ್ತಿರ ಕಡಲ ಮೇಲೆ ಸ್ಫೋಟಗೊಂಡು 329 ಜನ ಸತ್ತರಲ್ಲ, ಬಾಂಬಿದ್ದ ಪೆಟ್ಟಿಗೆಯನ್ನು ವ್ಯಾಂಕೂವರಿನಲ್ಲಿ ಒಪ್ಪಿಸಿದವನು ವಿಮಾನವನ್ನೇ ಹತ್ತಿರಲಿಲ್ಲ. ವಾರಸುದಾರನಿಲ್ಲದ ಸಾಮಾನು ಹಾರಬಾರದು ಅಂತ ಜಗತ್ತು ಪಾಠ ಕಲಿತದ್ದು ಅಂಥ ಬೆಲೆ ತೆತ್ತು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು.

ಒಬ್ಬೊಬ್ಬರದೇ ಕೇಳುತ್ತಾ ಬಂದವರು 14ರಲ್ಲಿ ಒಂದು ಕಪ್ಪು ಬ್ಯಾಗನ್ನು ಅರ್ಧ ಎಳೆದು, ‘ಯೇ ಕಿಸ್ಕಾ ಹೈ?’ ಅಂದರು. ಏಳು ಸಾಲು ಹಿಂದಿನಿಂದ ನೋಡಿದೆ. ಕಪ್ಪು, ಚಕ್ರ, ಹಿಡಿಕೆ. ಕೈ ಎತ್ತಿದೆ. ‘ಮೇರಾ ಹೈ.’

‘ರೀ, ಎದ್ದು ಹೋಗಿ ನೋಡಬಾರದಾ?’ ಅಂದಳು ನನ್ನಾಕೆ.

‘ಕಾಣ್ತಾ ಇದೆಯಲ್ಲೇ!’

ಮೂವತ್ತಾರು ವರ್ಷ ಮಾದರಿ ಸಹಿ ತಾಳೆ ನೋಡದೆ ಒಂದು ಚೆಕ್ಕನ್ನೂ ಪಾಸು ಮಾಡದವನು ನಾನು. ಮೊದಲೆಲ್ಲ ಕೈಚೀಲಕ್ಕೆ ಟ್ಯಾಗು ಕಟ್ಟಿ ಸೆಕ್ಯುರಿಟಿಯವರಿಂದ ಸ್ಟಾಂಪು ಹಾಕಿಸಬೇಕಿತ್ತು. 2017ರಲ್ಲಿ ದಿಲ್ಲಿಯಲ್ಲಿ ಅದು ನಿಂತಿತು. ಅದರ ಜೊತೆಗೆ ಹೆಸರು ಬರೆದು ಕಟ್ಟುವ ಅಭ್ಯಾಸವನ್ನು ನಾನೂ ಬಿಟ್ಟಿದ್ದೆ.

ಹಾರಿ ಒಂದು ಗಂಟೆಯಾಗಿತ್ತು. ಬಿ.ಪಿ. ಮಾತ್ರೆ ತೆಗೆಯೋಣ ಅಂತ ಹೋಗಿ ಗೂಡು ತೆರೆದೆ. ಬ್ಯಾಗಿನ ಹಿಡಿಕೆಗೆ ಕೆಂಪು ದಾರ ಸುತ್ತಿತ್ತು. ನಮ್ಮದಕ್ಕೆ ದಾರ ಇರಲಿಲ್ಲ.

ಗಗನಸಖಿಗೆ ಹೇಳಿದೆ. ಆಕೆಯ ಮುಖ ಬಿಳಿಚಿತು. ಎಕ್ಸ್‌ರೇ ಆದ ಬ್ಯಾಗೇ ಆದರೂ ಒಡೆಯ ಕೆಳಗಿದ್ದಾನೆ, ಬ್ಯಾಗು ಮೇಲಿದೆ. ಆಕೆ ಮುಂದೆ ಹೋಗಿ ಪೈಲಟ್‌ಗೆ ತಿಳಿಸಿ ಬಂದು, ಆ ಗೂಡಿನ ಬಳಿಯೇ ನಿಂತಳು. ಸುಳ್ಳು ಹೇಳಲಾರೆ, ಆಗ ನನ್ನ ತಲೆಯಲ್ಲಿದ್ದದ್ದು ಕ್ರಯಪತ್ರ ಒಂದೇ. ನಾಗಪುರವೋ ಹೈದರಾಬಾದೋ ಕೆಳಗೆ ದಾಟಿಹೋಗುತ್ತಿತ್ತು, ಅಪ್ಪನ ಪತ್ರ ದಿಲ್ಲಿಯಲ್ಲಿ ಯಾರದೋ ಕೈಯಲ್ಲಿತ್ತು.

ಬೆಂಗಳೂರಿನಲ್ಲಿ ಇಳಿದಕೂಡಲೇ ನಮ್ಮನ್ನೂ ಆ ಬ್ಯಾಗನ್ನೂ ಒಂದು ಕೋಣೆಗೆ ಕರೆದೊಯ್ದರು. ತಪಾಸಣೆ, ಹೇಳಿಕೆ, ಸಹಿ. ಟಿಕೆಟ್ಟಿನಲ್ಲಿದ್ದ ನಂಬರಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟರು. ‘ಬೇಟಾ, ಮೇರಾ ಕಾಗಜ್...’ ಅಂತ ಶುರು ಮಾಡಿದೆ. ಅವನು ನಡುವೆಯೇ ಕೇಳಿದ: ‘ಅಂಕಲ್, ಪಾಪಾ ಕೀ ಫೈಲ್?’

ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಊರು ಫರೀದಾಬಾದ್. ಅಪ್ಪನಿಗೆ ಹೃದಯದ ತೊಂದರೆ. ಬೆಂಗಳೂರಿನ ಡಾಕ್ಟರಿಗೆ ತೋರಿಸೋಣ ಅಂತ ಅಪ್ಪನ ಕಾಗದವೆಲ್ಲ ಎತ್ತಿಕೊಂಡು ಹೊರಟಿದ್ದ. ಇವನು ವಿಮಾನ ಹತ್ತುವಷ್ಟರಲ್ಲಿ ಅಪ್ಪ ಮನೆಯಲ್ಲಿ ಕುಸಿದಿದ್ದರು. ಯಾವ ಮಾತ್ರೆ ಕೊಡುತ್ತಿದ್ದಿರಿ, ಹಳೆಯ ಇಸಿಜಿ ಎಲ್ಲಿ ಅಂತ ಆಸ್ಪತ್ರೆಯವರು ಕೇಳುತ್ತಿದ್ದರು. ಇವನು ಬ್ಯಾಗು ತೆರೆದರೆ ನನ್ನ ಪಂಚೆ, ಶರ್ಟು, ಅವಳ ಸೀರೆ.

ಅಧಿಕಾರಿಯೊಬ್ಬರು ನಮ್ಮೆದುರೇ ಅವನ ಬ್ಯಾಗು ತೆರೆದರು. ಮೇಲೆ ಒಂದು ಸ್ಟೀಲ್ ಡಬ್ಬಿ, ತುಪ್ಪದ ವಾಸನೆ. ಅದರ ಕೆಳಗೆ ಫೈಲು. ನಾನು ಒಂದೊಂದೇ ಹಾಳೆ ತಿರುವಿ ಹಿಡಿದೆ, ಅವರು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಹತ್ತೊಂಬತ್ತು ಹಾಳೆ. ಲೆಡ್ಜರ್ ತಿರುವಿದ ಕೈ ಅಂದು ನಡುಗುತ್ತಿತ್ತು. ನಾನು ಎದ್ದು ಏಳು ಸಾಲು ನಡೆದಿದ್ದರೆ ಆ ಫೈಲು ಅವನ ಜೊತೆಯಲ್ಲೇ ಹೋಗಿರುತ್ತಿತ್ತು. ಅಷ್ಟೆಲ್ಲ ಆದರೂ ಅವನು ನನ್ನನ್ನು ಒಂದು ಮಾತು ಬೈಯಲಿಲ್ಲ. ‘ಆ ಲಾಡು ನೀವೇ ತಿಂದುಬಿಡಿ ಅಂಕಲ್, ಕೆಟ್ಟುಹೋಗುತ್ತೆ’ ಅಂದ. ನಿಯಮದ ಪ್ರಕಾರ ಅವರು ಕೊಡಲೂ ಇಲ್ಲ, ನಮಗೆ ತಿನ್ನುವ ಮನಸ್ಸೂ ಇರಲಿಲ್ಲ.

ಆ ರಾತ್ರಿಯೇ ಮಗನಿಗೆ ಫೋನು ಮಾಡಿ ಫರೀದಾಬಾದಿಗೆ ಹೋಗಪ್ಪಾ ಅಂದೆ. ಭಾನುವಾರ ತಿಂಡಿಗೂ ಪುರುಸೊತ್ತಿಲ್ಲ ಅನ್ನುವವನು ಹೋದ. ಬ್ಯಾಗು ತೆಗೆದುಕೊಂಡು ಹೊರಡುವ ಬದಲು ಬೆಳಗಿನವರೆಗೂ ಐಸಿಯು ಎದುರಿನ ಬೆಂಚಿನಲ್ಲಿ ಆ ಹುಡುಗನ ಪಕ್ಕ ಕೂತಿದ್ದನಂತೆ. ಯಾಕೋ ಅಂತ ಕೇಳಿದ್ದಕ್ಕೆ, ‘ಅವನ ಜೊತೆ ಯಾರೂ ಇರಲಿಲ್ಲ’ ಅಂದ.

ನೋಂದಣಿ ಒಂದು ವಾರ ಮುಂದೆ ಹೋಯಿತು. ಅಸಲು ಪತ್ರವನ್ನು ಕೊರಿಯರಿಗೆ ಕೊಡುವ ಧೈರ್ಯ ನನಗಾಗಲಿಲ್ಲ. ಮಗನೇ ತಂದ. ಐದು ವರ್ಷಗಳ ನಂತರ ಅವನು ತೀರ್ಥಹಳ್ಳಿಗೆ ಬಂದದ್ದು ಆಗಲೇ. ಎರಡು ರಾತ್ರಿ ಆ ಖಾಲಿ ಮನೆಯಲ್ಲಿ ಚಾಪೆ ಹಾಸಿ ಮೂವರೂ ಮಲಗಿದೆವು. ಮೂರನೆಯ ದಿನ ಸಹಿ ಹಾಕಿ ಕೊಟ್ಟೆವು.

ಆ ಹುಡುಗನ ಅಪ್ಪ ಚೇತರಿಸಿಕೊಂಡರು. ದೀಪಾವಳಿಗೆ ಫೋನು ಬರುತ್ತದೆ. ನಮ್ಮ ಬ್ಯಾಗಿನ ಹಿಡಿಕೆಗೆ ಈಗ ನನ್ನಾಕೆಯ ಹಳೇ ಸೀರೆಯ ಹಸಿರು ಅಂಚು ಕಟ್ಟಿದೆ. ಕಳೆದ ಸಲವೂ ಯಾರೋ ಇಳಿದರು, ಬ್ಯಾಗು ಗುರುತಿಸಿ ಅಂದರು. ಎದ್ದು ಹೋಗಿ, ಗೂಡಿನಲ್ಲಿ ಕೈಯಾಡಿಸಿ, ಅಂಚು ಮುಟ್ಟಿ ‘ಮೇರಾ ಹೈ’ ಅಂದೆ.

‘ತೆರೆದೂ ನೋಡಿಬಿಡಿ’ ಅಂದಳು ಸೀಟಿನಿಂದಲೇ.