ಟಾಮ್ ವಿಲ್ಸ್: ಆಟ ಕಟ್ಟಿದ ಆಟಗಾರ

ಆಸ್ಟ್ರೇಲಿಯನ್ ಫುಟ್‌ಬಾಲಿಗೆ ಮೊದಲ ನಿಯಮಗಳನ್ನು ಬರೆದವರಲ್ಲಿ ಟಾಮ್ ವಿಲ್ಸ್ ಒಬ್ಬ. ಹುಟ್ಟಿದ್ದು 1835ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ತಂದೆ ಹೊರೇಷಿಯೊ ವಿಲ್ಸ್ ಕುರಿ ಸಾಕಣೆಗೆಂದು ಸಂಸಾರವನ್ನು ಈಗಿನ ವಿಕ್ಟೋರಿಯಾ ರಾಜ್ಯದ ಪಶ್ಚಿಮ ಭಾಗಕ್ಕೆ ಕರೆದೊಯ್ದ. ಅದು ಜಾಬ್ ವುರಂಗ್ ಮೂಲನಿವಾಸಿಗಳ ನೆಲ. ಸುತ್ತಮುತ್ತ ಬಿಳಿಯರ ಮಕ್ಕಳು ವಿರಳವಾಗಿದ್ದುದರಿಂದ ಟಾಮ್ ಆ ಜನರ ಮಕ್ಕಳೊಡನೆ ಆಡಿ ಬೆಳೆದ, ಅವರ ಭಾಷೆಯನ್ನೂ ಕಲಿತ.

ಹದಿನಾಲ್ಕರ ಹರೆಯದಲ್ಲಿ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಿದರು. ಅಲ್ಲಿ ಪಾಠಕ್ಕಿಂತ ಆಟದಲ್ಲೇ ಹೆಸರು ಮಾಡಿ, ಶಾಲೆಯ ಕ್ರಿಕೆಟ್ ತಂಡದ ನಾಯಕನಾದ. 1856ರ ಕೊನೆಗೆ ಮೆಲ್ಬರ್ನ್‌ಗೆ ಮರಳುವ ಹೊತ್ತಿಗೆ ಅವನು ಹೆಸರಾಂತ ಕ್ರಿಕೆಟಿಗ.

1858ರ ಜುಲೈನಲ್ಲಿ 'ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ' ಪತ್ರಿಕೆಗೆ ಅವನು ಬರೆದ ಪತ್ರ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಜಡವಾಗಿಸಿಕೊಳ್ಳುವ ಬದಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟಬೇಕು, ಅದಾಗದಿದ್ದರೆ ಬಂದೂಕು ಅಭ್ಯಾಸದ ಕ್ಲಬ್ಬನ್ನಾದರೂ ತೆರೆಯಬೇಕು ಎಂಬುದು ಅದರ ಸಾರಾಂಶ. ಅದೇ ವರ್ಷ ಆಗಸ್ಟ್ 7ರಂದು ರಿಚ್ಮಂಡ್ ಪ್ಯಾಡಕ್ ಬಯಲಿನಲ್ಲಿ ಸ್ಕಾಚ್ ಕಾಲೇಜ್ ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಫುಟ್‌ಬಾಲ್ ಪಂದ್ಯ ಶುರುವಾಯಿತು. ಒಂದೊಂದು ಕಡೆಗೂ ನಲವತ್ತು ಹುಡುಗರು. ಅಂಪೈರ್‌ಗಳಲ್ಲಿ ವಿಲ್ಸ್ ಒಬ್ಬ. ಅಂದು ಮುಗಿಯದ ಪಂದ್ಯವನ್ನು ಮತ್ತೆರಡು ಶನಿವಾರ ಮುಂದುವರಿಸಿದರೂ ಒಂದೊಂದು ಗೋಲಿಗೆ ಸಮಬಲವೇ ಉಳಿಯಿತು.

ಮರುವರ್ಷ ಮೇ 17ರಂದು ವಿಲ್ಸ್ ಮತ್ತು ಅವನ ಜೊತೆಗಾರರಾದ ಹ್ಯಾಮರ್ಸ್ಲಿ, ಥಾಂಪ್ಸನ್, ಸ್ಮಿತ್ ಸೇರಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿಗಾಗಿ ಹತ್ತು ನಿಯಮಗಳನ್ನು ಬರೆದಿಟ್ಟರು. ತಾನು ಕಲಿತ ರಗ್ಬಿಯ ಒರಟು ಆಟವೇ ಇರಲಿ ಎಂಬುದು ವಿಲ್ಸ್‌ನ ಒಲವು. ಆದರೆ ಮೆಲ್ಬರ್ನ್‌ನ ಗಟ್ಟಿ ನೆಲದ ಮೇಲೆ ಬಿದ್ದು ಏಳಬೇಕಾದವರು ಬೆಳಗಾದರೆ ದುಡಿಮೆಗೆ ಹೋಗುವ ವಯಸ್ಕರು. ಹೀಗಾಗಿ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವ ರಗ್ಬಿ ರೂಢಿ ಬಿಟ್ಟುಹೋಯಿತು. ಒದ್ದ ಚೆಂಡನ್ನು ಗಾಳಿಯಲ್ಲಿ ಹಿಡಿದವನಿಗೆ ಫ್ರೀ ಕಿಕ್ ಸಿಗುವಂತಾಯಿತು. ಆಫ್‌ಸೈಡ್ ನಿಯಮವನ್ನು ಸೇರಿಸಲೇ ಇಲ್ಲ. ಈ ಆಟಕ್ಕೆ ತನ್ನದೇ ಆದ ರೂಪ ಬಂದದ್ದು ಒಬ್ಬನ ಇಚ್ಛೆಯಿಂದಲ್ಲ, ಇಂಥ ಹೊಂದಾಣಿಕೆಗಳಿಂದ. ಅದು ವಿಲ್ಸ್‌ನ ಹಿರಿಮೆಯನ್ನು ಕುಗ್ಗಿಸುವುದಿಲ್ಲ. ಅವನು ಮುಂದೆ ಮೆಲ್ಬರ್ನ್ ಬಿಟ್ಟು ಬಹುಕಾಲ ಗೀಲಾಂಗ್ ಪರವಾಗಿ ಆಡಿದ.

1861ರಲ್ಲಿ ತಂದೆಯೊಡನೆ ಕ್ವೀನ್ಸ್‌ಲ್ಯಾಂಡಿಗೆ ಹೋದ. ಅಕ್ಟೋಬರ್ 17ರಂದು, ಟಾಮ್ ಸಾಮಾನು ತರಲು ಹೋಗಿದ್ದಾಗ, ಕಲ್ಲಿನ್-ಲಾ-ರಿಂಗೊ ಎಂಬಲ್ಲಿದ್ದ ಅವರ ಬಿಡಾರದ ಮೇಲೆ ಮೂಲನಿವಾಸಿಗಳು ದಾಳಿ ಮಾಡಿದರು. ಹೊರೇಷಿಯೊ ಸೇರಿ 19 ಮಂದಿ ಸತ್ತರು. ಅದಕ್ಕೆ ಪ್ರತೀಕಾರವೆಂದು ಬಿಳಿಯರು ಕೊಂದ ಮೂಲನಿವಾಸಿಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಐದು ವರ್ಷಗಳಾದ ಮೇಲೆ ಅದೇ ಟಾಮ್ ಪಶ್ಚಿಮ ವಿಕ್ಟೋರಿಯಾದ ಮೂಲನಿವಾಸಿ ಕ್ರಿಕೆಟ್ ತಂಡದ ತರಬೇತುದಾರನೂ ನಾಯಕನೂ ಆದ. 1866ರ ಡಿಸೆಂಬರ್ 26ರಂದು ಅವರು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಕಣಕ್ಕಿಳಿದಾಗ ಸಾವಿರಾರು ಜನ ನೆರೆದಿದ್ದರು. ಜಾನಿ ಮುಲ್ಲಾ ಆ ತಂಡದ ಹೆಸರಾಂತ ಆಟಗಾರ. 1868ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ತಂಡ ಬೆಳೆದದ್ದು ಇದರಿಂದಲೇ. ಅದನ್ನು ಕರೆದೊಯ್ದವನು ಮಾತ್ರ ಚಾರ್ಲ್ಸ್ ಲಾರೆನ್ಸ್.

ಕೊನೆಯ ವರ್ಷಗಳಲ್ಲಿ ಕುಡಿತ, ಸಾಲ ವಿಲ್ಸ್‌ನನ್ನು ಹಣ್ಣು ಮಾಡಿದವು. 1880ರ ಮೇ 2ರಂದು ಮೆಲ್ಬರ್ನ್ ಬಳಿಯ ಹೈಡೆಲ್ಬರ್ಗ್‌ನಲ್ಲಿ, ಮದ್ಯದ ಚಟ ತಂದ ಬುದ್ಧಿಭ್ರಮಣೆಯ ನಡುವೆ, ತನ್ನ ಪ್ರಾಣ ತಾನೇ ಕಳೆದುಕೊಂಡ. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. ಅದು ಬಂದದ್ದು ಒಂದು ಶತಮಾನದ ನಂತರ. ಫುಟ್‌ಬಾಲಿನ ಮಟ್ಟಿಗೆ 'ಆಟದ ತಂದೆ' ಎಂಬ ಬಿರುದು ಬಹುಕಾಲ ಅವನ ಬಂಧು ಎಚ್.ಸಿ.ಎ. ಹ್ಯಾರಿಸನ್‌ಗೆ ಸಂದಿತ್ತು.

ಪಾಸಮ್ ಎಂಬ ಪ್ರಾಣಿಯ ಚರ್ಮದ ಚೆಂಡಿನಿಂದ ಮೂಲನಿವಾಸಿಗಳು ಆಡುತ್ತಿದ್ದ 'ಮಾರ್ನ್‌ಗ್ರೂಕ್' ಆಟವನ್ನು ವಿಲ್ಸ್ ಬಾಲ್ಯದಲ್ಲಿ ಕಂಡು, ಅದರಿಂದ ಪ್ರೇರಣೆ ಪಡೆದನೇ ಎಂಬ ಚರ್ಚೆ ಇಂದಿಗೂ ಜೀವಂತವಾಗಿದೆ. ಹಾಗೆಂದು ಅವನೇ ಬರೆದಿಟ್ಟ ದಾಖಲೆ ಸಿಕ್ಕಿಲ್ಲ. ಆದರೆ ಮೂಲನಿವಾಸಿ ಮಕ್ಕಳೊಡನೆ ಅವನು ಬೆಳೆದದ್ದು ನಿಜ, ಆ ಭಾಗದ ಮೂಲನಿವಾಸಿಗಳು ಇಂಥ ಆಟ ಆಡುತ್ತಿದ್ದುದೂ ನಿಜ.